ಸಿಡಿಮದ್ದೇ ಎದೆಗೆ ಮದ್ದಾದಾಗ

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಮೂರು ಅರ್ಥಗಳುಂಟು. ರೋಗಿಗೆ ಕೊಡುವುದು ಮದ್ದು; ತೋಪಿಗೆ ತುಂಬುವುದೂ ಮದ್ದು; ಆಗದವರ ಅನ್ನದಲ್ಲಿ ಗುಟ್ಟಾಗಿ ಬೆರೆಸಿಬಿಡುತ್ತಾರೆಂದು ಹಳ್ಳಿಗಳಲ್ಲಿ ಜನ ಹೆದರುತ್ತಿದ್ದುದೂ ಮದ್ದೇ. ಔಷಧಿ, ಸ್ಫೋಟಕ, ವಿಷ ಈ ಮೂರನ್ನೂ ಒಂದೇ ಹೆಸರಿನಿಂದ ಕರೆದ ನಮ್ಮ ಹಿರಿಯರು, ಇಂದಿನ ಹೃದ್ರೋಗಿಯ ಜೇಬಿನಲ್ಲಿರುವ ಪುಟ್ಟ ಗುಳಿಗೆಯೊಂದನ್ನು ಕಂಡಿರಲಿಲ್ಲ. ಕಂಡಿದ್ದರೆ, ತಾವಿಟ್ಟ ಹೆಸರು ಎಷ್ಟು ಸರಿಯಾಗಿದೆಯೆಂದು ತಲೆದೂಗುತ್ತಿದ್ದರು. ಏಕೆಂದರೆ ಆ ಗುಳಿಗೆಯಲ್ಲಿರುವ ವಸ್ತು ಲೋಕಕ್ಕೆ ಪರಿಚಿತವಾದದ್ದು ಸಿಡಿಮದ್ದಾಗಿ. ಅನಂತರ ಅದು ಎದೆನೋವಿನ ಮದ್ದಾಯಿತು. ತಿಳಿಯದವರ ಕೈಯಲ್ಲಿ ಅದು ಮೂರನೆಯ ಬಗೆಯ ಮದ್ದಾಗುವುದೂ ಉಂಟು.

ಹೃದಯಶೂಲೆಗೆಂದು ನಾಲಗೆಯ ಕೆಳಗೆ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಗುಳಿಗೆಯೇ ಅದು. ಅದರ ಹತ್ತಿರದ ಬಂಧು ಐಸೊಸಾರ್ಬೈಡ್ ಡೈನೈಟ್ರೇಟ್. ಈ ಎರಡನೆಯದನ್ನು ‘ಸಾರ್ಬಿಟ್ರೇಟ್’ ಎಂಬ ವ್ಯಾಪಾರನಾಮದಿಂದ ನಮ್ಮ ನಗರಗಳ ಎಷ್ಟೋ ಮನೆಗಳು ಬಲ್ಲವು. ಆದರೆ ಬಲ್ಲದ್ದು ಹೆಸರನ್ನು ಮಾತ್ರ. ಬಳಸುವ ಕ್ರಮವನ್ನು ಬಲ್ಲವರು ಕಡಮೆ. ಈ ಲೇಖನವನ್ನು ಬರೆಯುತ್ತಿರುವವನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದುದರಿಂದ ಇಲ್ಲಿ ಚಿಕಿತ್ಸೆಯ ಸಲಹೆಯಿಲ್ಲ. ವೈದ್ಯರು ಈ ಗುಳಿಗೆಯನ್ನು ಬರೆದುಕೊಟ್ಟಾಗ ಅವರ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಬೇಕಾದ ತಿಳಿವಳಿಕೆಯಷ್ಟೇ ಇದೆ.

ನಿಂತರೆ ನಿಲ್ಲುವ ನೋವು

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ೧೭೬೮ರಲ್ಲಿ ಅಲ್ಲಿನ ವೈದ್ಯರ ಕಾಲೇಜಿನಲ್ಲಿ ಒಂದು ಪ್ರಬಂಧವನ್ನು ಓದಿದ. ನಡೆಯುವಾಗ, ಅದರಲ್ಲಿಯೂ ಊಟವಾದೊಡನೆ ಏರು ಹತ್ತುವಾಗ, ಎದೆಯನ್ನು ಹಿಂಡಿದಂತಾಗಿ, ನಿಂತೊಡನೆ ಮಾಯವಾಗುವ ಒಂದು ಬೇನೆಯನ್ನು ಅದರಲ್ಲಿ ವರ್ಣಿಸಿ, ಅದಕ್ಕೆ ‘ಆಂಜೈನಾ ಪೆಕ್ಟೋರಿಸ್’ ಎಂದು ಹೆಸರಿಟ್ಟ. ಕುತ್ತಿಗೆ ಹಿಸುಕಿದಂತೆ ಎದೆಯನ್ನು ಹಿಸುಕುವುದು ಎಂಬುದು ಆ ಲ್ಯಾಟಿನ್ ಹೆಸರಿನ ಭಾವ. ನಮ್ಮ ಸುಶ್ರುತ ಸಂಹಿತೆಯಲ್ಲಿ ‘ಹೃಚ್ಛೂಲ’ ಎಂಬ ಹೆಸರು ಅದಕ್ಕೂ ಬಹು ಹಿಂದೆಯೇ ಬಂದಿದೆ.

ಹೃದಯವು ಒಂದು ಸ್ನಾಯು. ದೇಹಕ್ಕೆಲ್ಲ ರಕ್ತವನ್ನು ಕಳುಹಿಸುವ ಅದಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ತಂದುಕೊಡುವ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದಾಗ, ಕುಳಿತಿರುವಾಗ ಸಾಕಾಗುವ ರಕ್ತ ಮೆಟ್ಟಲು ಹತ್ತುವಾಗ ಸಾಲದೆ ಹೋಗುತ್ತದೆ. ಆಗ ಸ್ನಾಯು ಕೂಗಿಕೊಳ್ಳುವ ಕೂಗೇ ಹೃದಯಶೂಲೆ. ವಿಶ್ರಾಂತಿ ದೊರೆತರೆ ಕೆಲವೇ ನಿಮಿಷಗಳಲ್ಲಿ ಅದು ಅಡಗುತ್ತದೆ. ಹೃದಯಾಘಾತದ ಮಾತು ಬೇರೆ. ಅಲ್ಲಿ ಕಿರಿದಾದ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿಯೇ ಮುಚ್ಚಿಹೋಗುತ್ತದೆ. ಕ್ಷಣಕ್ಷಣಕ್ಕೂ ಸ್ನಾಯುವಿನ ಒಂದು ಭಾಗ ಸಾಯುತ್ತ ಹೋಗುತ್ತದೆ. ನಾಲಗೆಯ ಕೆಳಗಿನ ಗುಳಿಗೆ ಹೃದಯಶೂಲೆಯನ್ನು ತಣಿಸಬಲ್ಲದು, ಹೆಪ್ಪನ್ನು ಕರಗಿಸಲಾರದು. ಈ ಒಂದು ಭೇದವನ್ನು ಮರೆತುದರಿಂದಲೇ ಅನೇಕ ಅನಾಹುತಗಳು ಆಗುತ್ತವೆ.

ಕಾರ್ಖಾನೆಯಿಂದ ಔಷಧಾಲಯಕ್ಕೆ

ಇಟಲಿಯ ಟ್ಯೂರಿನ್ ನಗರದಲ್ಲಿ ಅಸ್ಕಾನಿಯೋ ಸೊಬ್ರೆರೋ ಎಂಬ ರಸಾಯನಶಾಸ್ತ್ರಜ್ಞ ೧೮೪೭ರಲ್ಲಿ ಗ್ಲಿಸರಿನ್ನನ್ನು ಆಮ್ಲಗಳೊಡನೆ ಬೆರೆಸಿ ನೈಟ್ರೋಗ್ಲಿಸರಿನ್ನನ್ನು ಪಡೆದ. ಅದು ಕುಲುಕಿದರೆ ಸಿಡಿಯುವ ಎಣ್ಣೆ. ಅದರ ಕಿಂಚಿತ್ ಅಂಶವನ್ನು ನಾಲಗೆಗೆ ತಾಗಿಸಿಕೊಂಡಾಗ ಆತನಿಗೆ ತೀವ್ರವಾದ ತಲೆನೋವು ಬಂದಿತು. ಸ್ವೀಡನ್ನಿನ ಆಲ್ಫ್ರೆಡ್ ನೊಬೆಲ್ ಈ ಎಣ್ಣೆಯನ್ನು ಪಳಗಿಸಲು ಹೊರಟ. ೧೮೬೪ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಸ್ಫೋಟದಲ್ಲಿ ಅವನ ತಮ್ಮ ಎಮಿಲ್ ಸತ್ತ. ೧೮೬೭ರಲ್ಲಿ ನೊಬೆಲ್ ಅದನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ಡೈನಮೈಟನ್ನು ಮಾಡಿದ.

ಅದೇ ೧೮೬೭ರಲ್ಲಿ ಎಡಿನ್‌ಬರೋದ ತರುಣ ವೈದ್ಯ ಲಾಡರ್ ಬ್ರಂಟನ್, ಅಮೈಲ್ ನೈಟ್ರೈಟ್ ಎಂಬ ದ್ರವದ ಆವಿಯನ್ನು ಮೂಸಿದರೆ ಹೃದಯಶೂಲೆ ತಗ್ಗುವುದೆಂದು ತೋರಿಸಿದ. ಆದರೆ ಆ ಉಪಶಮನ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಲಂಡನ್ನಿನ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನ್ನಿನ ತೆಳುದ್ರಾವಣವನ್ನು ಮೊದಲು ತನ್ನ ನಾಲಗೆಯ ಮೇಲೆಯೇ ಪರೀಕ್ಷಿಸಿ, ತಲೆಯಲ್ಲಿ ನಾಡಿ ಬಡಿದಂತಾಗುವುದನ್ನು ಅನುಭವಿಸಿ, ಬಳಿಕ ರೋಗಿಗಳಿಗೆ ಕೊಟ್ಟು, ೧೮೭೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದ. ಕೊನೆಗಾಲದಲ್ಲಿ ನೊಬೆಲ್‌ನಿಗೂ ಹೃದ್ರೋಗ ಬಂದಿತು. ವೈದ್ಯರು ಅವನಿಗೆ ಬರೆದುಕೊಟ್ಟದ್ದು ನೈಟ್ರೋಗ್ಲಿಸರಿನ್ನನ್ನೇ! ಹೆಸರು ಕೇಳಿ ಜನ ಬೆದರದಿರಲೆಂದು ಅದನ್ನು ‘ಟ್ರೈನೈಟ್ರಿನ್’ ಎಂದು ಕರೆಯುತ್ತಾರೆಂದು, ವಿಧಿಯ ಈ ವಿನೋದವನ್ನು ಆತ ೧೮೯೬ರ ಅಕ್ಟೋಬರ್ ತಿಂಗಳಲ್ಲಿ ತನ್ನ ಸಹಾಯಕನಿಗೆ ಕಾಗದ ಬರೆದು ತಿಳಿಸಿದ. ಅದೇ ಡಿಸೆಂಬರ್ ೧೦ರಂದು ತೀರಿಕೊಂಡ.

ಈ ಮದ್ದು ಏಕೆ ಫಲಿಸುತ್ತದೆಂಬ ಒಗಟು ಬಿಡಿಸಿದುದು ನೂರು ವರ್ಷಗಳ ಮೇಲೆ. ನೈಟ್ರೋಗ್ಲಿಸರಿನ್ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದು ರಕ್ತನಾಳಗಳ ಗೋಡೆಯ ಸ್ನಾಯುಗಳನ್ನು ಸಡಿಲಿಸುತ್ತದೆ. ಈ ಅನಿಲವನ್ನು ನಮ್ಮ ರಕ್ತನಾಳಗಳು ತಾವಾಗಿಯೇ ಸಂಕೇತದಂತೆ ಬಳಸುತ್ತವೆ ಎಂದು ಕಂಡುಹಿಡಿದುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಎಂಬ ಮೂವರು ಅಮೆರಿಕನ್ನರಿಗೆ ೧೯೯೮ರಲ್ಲಿ ಬಂದ ಬಹುಮಾನ ಯಾವುದೆಂದು ಬೇರೆ ಹೇಳಬೇಕೆ? ನೊಬೆಲ್ ಬಹುಮಾನ.

ಗುಳಿಗೆ ಮಾಡುವ ಕೆಲಸ

ಹೇರು ತುಂಬಿದ ಗಾಡಿಯನ್ನು ಏರಿನಲ್ಲಿ ಎಳೆಯಲಾರದೆ ಎತ್ತು ನಿಂತಿದೆಯೆನ್ನೋಣ. ಜಾಣನಾದ ಗಾಡಿಯವನು ಎತ್ತಿಗೆ ಬಾರುಕೋಲಿನಿಂದ ಹೊಡೆಯುವುದಿಲ್ಲ. ನಾಲ್ಕು ಮೂಟೆಗಳನ್ನು ಕೆಳಗಿಳಿಸುತ್ತಾನೆ. ಈ ಗುಳಿಗೆಯೂ ಮುಖ್ಯವಾಗಿ ಮಾಡುವುದು ಹಾಗೆಯೇ. ದೇಹದ ಸಿರೆಗಳು ಹಿಗ್ಗಿ ರಕ್ತ ಅಲ್ಲಲ್ಲಿಯೇ ತಂಗುತ್ತದೆ. ಹೃದಯಕ್ಕೆ ಹಿಂದಿರುಗುವ ರಕ್ತ ಕಡಮೆಯಾಗಿ ಅದರ ಹೊರೆ ಇಳಿಯುತ್ತದೆ. ಹೃದಯದ ಧಮನಿಗಳೂ ತುಸು ಅಗಲವಾಗುತ್ತವೆ. ಆದರೆ ಕಟ್ಟಿದ ಕೊಬ್ಬು ಹಾಗೆಯೇ ಇರುತ್ತದೆ. ಇದು ಉಪಶಮನವೇ ಹೊರತು ಗುಣಪಡಿಸುವ ಚಿಕಿತ್ಸೆಯಲ್ಲ.

ನಾಲಗೆಯ ಕೆಳಗೇ ಏಕೆಂದು ಕೆಲವರು ಕೇಳುವುದುಂಟು. ನುಂಗಿದ ನೈಟ್ರೋಗ್ಲಿಸರಿನ್ನಿನ ಬಹುಭಾಗವನ್ನು ಪಿತ್ತಜನಕಾಂಗವು ದಾರಿಯಲ್ಲಿಯೇ ನಾಶಮಾಡುತ್ತದೆ. ನಾಲಗೆಯ ಕೆಳಗಿನ ತೆಳುಪೊರೆಯಿಂದಲಾದರೋ ಮದ್ದು ನೇರವಾಗಿ ರಕ್ತಕ್ಕೆ ಸೇರುತ್ತದೆ. ನೈಟ್ರೋಗ್ಲಿಸರಿನ್ ಒಂದರಿಂದ ಮೂರು ನಿಮಿಷಗಳಲ್ಲಿ ಕೆಲಸ ಆರಂಭಿಸುತ್ತದೆ. ಅದರ ಪ್ರಭಾವ ಸುಮಾರು ಅರ್ಧ ಗಂಟೆ. ಐಸೊಸಾರ್ಬೈಡ್ ಡೈನೈಟ್ರೇಟ್ ತುಸು ನಿಧಾನ, ಆದರೆ ಹೆಚ್ಚು ಹೊತ್ತು ನಿಲ್ಲುವಂಥದು. ಗುಳಿಗೆಯಲ್ಲಿರುವ ನೈಟ್ರೋಗ್ಲಿಸರಿನ್ ಒಂದು ಮಿಲಿಗ್ರಾಮಿಗಿಂತಲೂ ಕಡಮೆ, ಅದೂ ಬೇರೆ ಪುಡಿಯೊಡನೆ ಬೆರೆತದ್ದು. ಜೇಬಿನಲ್ಲಿ ಸಿಡಿದೀತೆಂಬ ಭಯಕ್ಕೆ ಎಡೆಯಿಲ್ಲ.

ಐದು ನಿಮಿಷದ ನಿಯಮ

ನೋವು ಕಂಡೊಡನೆ ಮಾಡುತ್ತಿರುವ ಕೆಲಸವನ್ನು ಬಿಟ್ಟು ಕುಳಿತುಕೊಳ್ಳಬೇಕು. ಇದು ಮೊದಲ ನಿಯಮ. ಗುಳಿಗೆಯಿಂದ ರಕ್ತದೊತ್ತಡ ಇಳಿಯುವುದರಿಂದ ನಿಂತಿರುವವರು ತಲೆ ತಿರುಗಿ ಬೀಳುವುದುಂಟು. ಎದೆಯ ನೋವಿಗೆ ಮದ್ದು ತೆಗೆದುಕೊಂಡು ಸೊಂಟ ಮುರಿದುಕೊಂಡಂತಾದೀತು. ಬಾಯಿ ಒಣಗಿದ್ದರೆ ಒಂದು ಗುಟುಕು ನೀರಿನಿಂದ ಒದ್ದೆಮಾಡಿಕೊಂಡು, ಗಡಿಯಾರ ನೋಡಿ, ಒಂದೇ ಒಂದು ಗುಳಿಗೆಯನ್ನು ನಾಲಗೆಯ ಕೆಳಗಿಟ್ಟು ಕರಗಲು ಬಿಡಬೇಕು. ನುಂಗಬಾರದು, ಕರಗುವವರೆಗೆ ಏನನ್ನೂ ಕುಡಿಯಬಾರದು. ತಲೆ ಸುತ್ತಿದರೆ ಮಲಗಿ ಕಾಲುಗಳನ್ನು ಎತ್ತರದಲ್ಲಿಡಬೇಕು. ತಲೆನೋವು, ಮುಖ ಕೆಂಪಾಗುವುದು ಇವು ಮದ್ದು ಕೆಲಸ ಮಾಡುತ್ತಿರುವುದರ ಗುರುತುಗಳು. ತಲೆನೋವಿಗೆ ಹೆದರಿ ಮದ್ದನ್ನೇ ಬಿಡುವುದು ಸಲ್ಲದು. ವೈದ್ಯರಿಗೆ ತಿಳಿಸಿದರೆ ಅದಕ್ಕೆ ಉಪಾಯವುಂಟು.

ಐದು ನಿಮಿಷಗಳಾದರೂ ನೋವು ತಗ್ಗದಿದ್ದರೆ ಅಥವಾ ಹೆಚ್ಚಾದರೆ ಕೂಡಲೆ ೧೦೮ಕ್ಕೆ ದೂರವಾಣಿ ಮಾಡಬೇಕು. ಅದುವರೆಗೆ ಹೃದ್ರೋಗವೇ ಇಲ್ಲದವರಿಗೆ ಎದೆಯಲ್ಲಿ ಹಿಂಡುವ ನೋವು ಬಂದರೆ ಆ ಐದು ನಿಮಿಷಗಳೂ ಕಾಯದೆ ಕರೆಯಬೇಕು. ವಾಹನ ಬರುವವರೆಗೆ, ವೈದ್ಯರು ಮೊದಲೇ ಹೇಳಿದ್ದರೆ, ಐದೈದು ನಿಮಿಷಗಳ ಅಂತರದಲ್ಲಿ ಎರಡನೆಯದನ್ನೂ ಮೂರನೆಯದನ್ನೂ ತೆಗೆದುಕೊಳ್ಳಬಹುದು. ಹದಿನೈದು ನಿಮಿಷಗಳಲ್ಲಿ ಮೂರನ್ನು ಮೀರಬಾರದು.

ಕೇಳಲು ಇಷ್ಟು ಸುಲಭವಾದ ನಿಯಮ ನಮ್ಮ ಮನೆಗಳಲ್ಲಿ ಹೇಗೆ ಮುರಿಯುತ್ತದೆಂಬುದನ್ನು ಊಹಿಸಿ ನೋಡಿ. ರಾತ್ರಿ ಹನ್ನೊಂದು ಗಂಟೆ. ಯಜಮಾನರು ಹಾಸಿಗೆಯಲ್ಲಿ ಎದ್ದು ಕುಳಿತಿದ್ದಾರೆ, ಹಣೆಯಲ್ಲಿ ಬೆವರು.

“ರೀ, ಡಾಕ್ಟರಿಗೆ ಫೋನ್ ಮಾಡಲೇ?”

“ಬೇಡ ಕಣೇ, ಗ್ಯಾಸು ಅಷ್ಟೆ. ಮಾತ್ರೆ ಇಟ್ಟುಕೊಂಡಿದ್ದೇನೆ, ಕಡಮೆಯಾಗುತ್ತೆ.”

ಅರ್ಧ ಗಂಟೆಯಾಗುತ್ತದೆ. ಇನ್ನೊಂದು ಮಾತ್ರೆ, ಒಂದು ಲೋಟ ಸೋಡಾ. “ಮಗನನ್ನು ಎಬ್ಬಿಸಲೇ?” “ಬೆಳಗ್ಗೆ ಅವನಿಗೆ ಆಫೀಸು, ಪಾಪ ಮಲಗಿರಲಿ.” ಮಗನ ನಿದ್ರೆ ಕೆಡಬಾರದೆಂಬ ಈ ವಾತ್ಸಲ್ಯಕ್ಕೆ ಎಷ್ಟು ಮನೆಗಳು ತೆತ್ತ ಬೆಲೆ ಎಂಥದೆಂಬುದನ್ನು ಹೇಳಬೇಕಾದುದಿಲ್ಲ. ಹೆಪ್ಪು ಧಮನಿಯನ್ನು ಮುಚ್ಚಿದ್ದರೆ ಆ ಒಂದು ಗಂಟೆಯೇ ಅಮೂಲ್ಯವಾದುದು. ಗುಳಿಗೆ ಇದೆಯೆಂಬ ಧೈರ್ಯವೇ ಇಲ್ಲಿ ಶತ್ರು. ಅದು ನಮಗೆ ಕೊಡುವುದು ಐದು ನಿಮಿಷಗಳ ಅವಧಿ; ರಾತ್ರಿಯಿಡೀ ಕಾಯುವ ಅಪ್ಪಣೆಯಲ್ಲ.

“ಗುಳಿಗೆಯಿಂದ ನೋವು ಇಳಿಯಿತು, ಆದುದರಿಂದ ಹೃದಯದ್ದೇ; ಇಳಿಯಲಿಲ್ಲ, ಆದುದರಿಂದ ಗ್ಯಾಸೇ” ಎಂಬ ತರ್ಕವೂ ನಿಲ್ಲುವಂಥದಲ್ಲ. ಅನ್ನನಾಳದ ಸೆಳೆತಕ್ಕೂ ಈ ಮದ್ದಿನಿಂದ ಉಪಶಮನವಾಗುವುದುಂಟು. ನಿಜವಾದ ಹೃದಯಾಘಾತದಲ್ಲಿ ಆಗದಿರುವುದೂ ಉಂಟು. ಮೇಲಾಗಿ ಸ್ತ್ರೀಯರಲ್ಲಿ, ವೃದ್ಧರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಉಬ್ಬಸ, ದವಡೆ ಅಥವಾ ತೋಳಿನ ನೋವು, ವಾಕರಿಕೆ, ಅಕಾರಣವಾದ ಬಳಲಿಕೆ ಇಷ್ಟೇ ಕಾಣಿಸಬಹುದು. ಇದನ್ನು ನಿರ್ಣಯಿಸುವುದು ಇ.ಸಿ.ಜಿ. ಮತ್ತು ವೈದ್ಯರ ಕೆಲಸ. ಅದಕ್ಕಾಗಿ ರಾಜಧಾನಿಗೇ ಓಡಬೇಕೆಂದೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದಯತಜ್ಞರು ಪರಿಶೀಲಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವ ಯೋಜನೆಯೊಂದನ್ನು ಕರ್ನಾಟಕ ಸರ್ಕಾರ ೨೦೨೩ರಲ್ಲಿ ಆರಂಭಿಸಿತು. ೨೦೨೧ರಲ್ಲಿ ತಮ್ಮ ೪೬ನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ.

ಹಂಚಿಕೊಳ್ಳಬಾರದ ಮದ್ದು

ಉಪ್ಪಿನಕಾಯಿಯಂತೆ, ಕಾಫಿಪುಡಿಯಂತೆ, ನೆರೆಮನೆಗೆ ಕೊಡಬಹುದಾದ ಪದಾರ್ಥವಲ್ಲ ಇದು. ಪಕ್ಕದ ಮನೆಯವರಿಗೆ ಎದೆನೋವೆಂದು ಕೇಳಿದೊಡನೆ ತಮ್ಮ ಮಾತ್ರೆಯನ್ನು ಹಿಡಿದು ಓಡುವವರ ಮನಸ್ಸು ಒಳ್ಳೆಯದೇ. ಫಲ ಒಳ್ಳೆಯದಾಗುತ್ತದೆಂದು ಹೇಳಲಾಗದು. ಎಲ್ಲರೂ ಈ ಮಾತ್ರೆಯನ್ನು ಮನೆಯಲ್ಲಿಟ್ಟುಕೊಳ್ಳಿರೆಂಬ ಸಂದೇಶಗಳು ದೂರವಾಣಿಯಿಂದ ದೂರವಾಣಿಗೆ ಹಾರುತ್ತಿರುವ ಈ ದಿನಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

ರಕ್ತದೊತ್ತಡ ಮೊದಲೇ ಇಳಿದಿರುವವರಿಗೆ ಗುಳಿಗೆ ಅದನ್ನು ಮತ್ತಷ್ಟು ಇಳಿಸುತ್ತದೆ. ಹೃದಯದ ಬಲಭಾಗಕ್ಕೆ ಆಘಾತವಾಗಿದ್ದರೆ, ಆ ಹೃದಯ ಹಿಂದಿರುಗಿ ಬರುವ ರಕ್ತವನ್ನೇ ನಂಬಿಕೊಂಡಿರುತ್ತದೆ. ಅದನ್ನೂ ತಗ್ಗಿಸಿದರೆ ರೋಗಿ ಕುಸಿದುಬೀಳಬಹುದು. ಮಹಾಧಮನಿಯ ಕವಾಟ ತೀರ ಕಿರಿದಾಗಿರುವವರಿಗೂ ಅಪಾಯವುಂಟು. ಇವು ಯಾವುವೂ ಹೊರಗಿನಿಂದ ಕಾಣುವ ಸಂಗತಿಗಳಲ್ಲ. ನೆರೆಯವರಿಗೆ ಮಾಡಬಹುದಾದ ನಿಜವಾದ ಉಪಕಾರವೆಂದರೆ, ಅವರನ್ನು ಕುಳ್ಳಿರಿಸಿ, ೧೦೮ನ್ನು ಕರೆದು, ಅಲ್ಲಿಯವರು ಹೇಳಿದಂತೆ ನಡೆಯುವುದು.

ಮುಚ್ಚಿಡಬಾರದ ಮಾತು

ಸಂಸಾರವಂದಿಗರು ಓದುವ ಪತ್ರಿಕೆಯಲ್ಲಿ ಬರೆಯಲು ಸಂಕೋಚವಾಗುವ ಒಂದು ವಿಷಯವಿದೆ. ಪ್ರಾಣದ ಪ್ರಶ್ನೆಯಾದುದರಿಂದ ಬರೆಯಲೇಬೇಕು. ಪುರುಷರ ಲೈಂಗಿಕ ದೌರ್ಬಲ್ಯಕ್ಕಾಗಿ ಕೊಡುವ ಸಿಲ್ಡೆನಾಫಿಲ್, ಟಡಲಾಫಿಲ್ ಮುಂತಾದ ಔಷಧಿಗಳೂ ಇದೇ ನೈಟ್ರಿಕ್ ಆಕ್ಸೈಡಿನ ದಾರಿಯಲ್ಲಿ ಕೆಲಸ ಮಾಡುತ್ತವೆ. ಎರಡೂ ಕೂಡಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡ ೨೪ ಗಂಟೆಗಳೊಳಗೆ, ಟಡಲಾಫಿಲ್ ತೆಗೆದುಕೊಂಡ ೪೮ ಗಂಟೆಗಳೊಳಗೆ ನೈಟ್ರೇಟ್ ಗುಳಿಗೆ ಸಲ್ಲದು. ಟಡಲಾಫಿಲ್ಲನ್ನು ಪ್ರಾಸ್ಟೇಟ್ ಗ್ರಂಥಿ ಊದಿಕೊಂಡವರಿಗೂ, ಸಿಲ್ಡೆನಾಫಿಲ್ಲನ್ನು ಶ್ವಾಸಕೋಶದ ರಕ್ತದೊತ್ತಡಕ್ಕಾಗಿ ಸ್ತ್ರೀಯರಿಗೂ ಕೊಡುವುದುಂಟು. ಆದುದರಿಂದ ಇದು ಕೆಲವರಿಗೆ ಮಾತ್ರ ಸಂಬಂಧಿಸಿದ ಮಾತೆಂದು ತಿಳಿಯಬಾರದು.

ತೊಂದರೆಯಾಗುವುದು ಔಷಧಿಯ ಗುಣದಿಂದ ಮಾತ್ರವಲ್ಲ, ನಮ್ಮ ನಾಚಿಕೆಯಿಂದಲೂ. ಹೆಂಡತಿ ಮಕ್ಕಳು ಎದುರಿಗಿರುವಾಗ ವೈದ್ಯರು ಕೇಳಿದರೆ ಬಾಯಿ ಬಿಡುವುದು ಕಷ್ಟ. ಬೇಕಾದರೆ ಅವರನ್ನು ಹೊರಗೆ ಕಳುಹಿಸಿ ಹೇಳಲಿ, ಆದರೆ ಹೇಳಲಿ. ಮದ್ಯಪಾನವೂ ಈ ಮದ್ದಿನೊಡನೆ ಸೇರಿ ಒತ್ತಡವನ್ನು ಇಳಿಸುತ್ತದೆಂಬುದು ನೆನಪಿರಲಿ.

ಸೋಮವಾರದ ತಲೆನೋವು

ಹಿಂದೆ ಸ್ಫೋಟಕಗಳ ಕಾರ್ಖಾನೆಗಳಲ್ಲಿ ಕಾರ್ಮಿಕರನ್ನು ಒಂದು ವಿಚಿತ್ರ ಪೀಡೆ ಕಾಡುತ್ತಿತ್ತು. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದೊಡನೆ ತಲೆ ಸಿಡಿಯುತ್ತಿತ್ತು. ಒಂದೆರಡು ದಿನಗಳಲ್ಲಿ ಒಗ್ಗಿಹೋಗುತ್ತಿತ್ತು. ಮತ್ತೆ ಸೋಮವಾರ ಅದೇ ಕಥೆ. ಗಾಳಿಯಿಂದಲೂ ಚರ್ಮದಿಂದಲೂ ದೇಹಕ್ಕೆ ಸೇರುತ್ತಿದ್ದ ನೈಟ್ರೋಗ್ಲಿಸರಿನ್ ಇದಕ್ಕೆ ಕಾರಣ. ಒಗ್ಗಿಕೆ ತಪ್ಪದಿರಲೆಂದು ಕೆಲವರು ಅದನ್ನು ಟೋಪಿಯ ಪಟ್ಟಿಗೆ ಸವರಿಕೊಂಡು ಮನೆಗೆ ಹೋಗುತ್ತಿದ್ದರಂತೆ. ಇನ್ನು ಕೆಲವರಿಗೆ ರಜೆಯ ದಿನ, ಅಂದರೆ ನೈಟ್ರೋಗ್ಲಿಸರಿನ್ ಇಲ್ಲದ ದಿನ, ಎದೆನೋವು ಬರುತ್ತಿತ್ತು.

ಈ ಕಾರ್ಮಿಕರ ಬವಣೆಯಿಂದ ಎರಡು ಪಾಠಗಳುಂಟು. ಎಡೆಬಿಡದೆ ತೆಗೆದುಕೊಂಡರೆ ದೇಹ ಒಗ್ಗಿಕೊಂಡು ಮದ್ದು ಫಲಿಸುವುದಿಲ್ಲ. ಆದುದರಿಂದಲೇ ದಿನವೂ ನುಂಗುವ ದೀರ್ಘಕಾಲದ ನೈಟ್ರೇಟ್ ಮಾತ್ರೆಗಳನ್ನು ಬರೆದುಕೊಡುವಾಗ ವೈದ್ಯರು, ಸಾಮಾನ್ಯವಾಗಿ ರಾತ್ರಿಯ ಹೊತ್ತು, ಕೆಲವು ಗಂಟೆ ದೇಹ ಬರಿದಾಗಿರುವಂತೆ ವೇಳೆಯನ್ನು ಗೊತ್ತುಮಾಡುತ್ತಾರೆ. “ಬೆಳಗ್ಗೆ, ಮಧ್ಯಾಹ್ನ ಎಂದು ಬರೆದಿದ್ದಾರೆ, ರಾತ್ರಿ ಮರೆತಿರಬೇಕು” ಎಂದು ನಾವೇ ತಿದ್ದಿಕೊಳ್ಳಬಾರದು. ಎರಡನೆಯದಾಗಿ, ಅಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಲೂಬಾರದು.

ಸೀಸೆಯ ಯೋಗಕ್ಷೇಮ

ನೈಟ್ರೋಗ್ಲಿಸರಿನ್ ಗುಳಿಗೆ ಕರ್ಪೂರದ ಹಾಗೆ. ತೆರೆದಿಟ್ಟರೆ ಅದರ ಸತ್ತ್ವ ಆರಿಹೋಗುತ್ತದೆ. ಅದನ್ನು ಬಂದ ಗಾಜಿನ ಸೀಸೆಯಲ್ಲಿಯೇ, ಬಿರಡೆಯನ್ನು ಬಿಗಿಯಾಗಿ ಮುಚ್ಚಿ, ಬೆಳಕು ಬಿಸಿ ತೇವಗಳಿಂದ ದೂರವಿಡಬೇಕು. ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಿದರೆ ಪ್ಲಾಸ್ಟಿಕ್ಕು ಮದ್ದನ್ನು ಹೀರುತ್ತದೆ; ಹತ್ತಿ ತುರುಕಿದರೆ ಹತ್ತಿಯೂ ಹೀರುತ್ತದೆ. ಮೈಗೆ ಅಂಟಿದ ಜೇಬು, ಬಿಸಿಲಿನಲ್ಲಿ ನಿಲ್ಲಿಸಿದ ಕಾರು, ಒಲೆಯ ಬಳಿಯ ಗೂಡು, ಬಚ್ಚಲುಮನೆಯ ಬೀರು ಇವು ಯಾವುವೂ ತಕ್ಕ ಸ್ಥಳಗಳಲ್ಲ. ಸೀಸೆಯನ್ನು ಒಡೆದ ದಿನಾಂಕವನ್ನು ಅದರ ಮೇಲೆ ಬರೆದು, ಎಷ್ಟು ದಿನ ಇಡಬಹುದೆಂದು ಔಷಧಿ ಅಂಗಡಿಯವರನ್ನು ಕೇಳಿಕೊಳ್ಳಬೇಕು. ಐಸೊಸಾರ್ಬೈಡ್ ಮಾತ್ರೆ ಇಷ್ಟು ಸೂಕ್ಷ್ಮವಲ್ಲವಾದರೂ ಅದನ್ನು ಪಟ್ಟಿಯಿಂದ ಬಿಡಿಸಿಡದೆ, ಅವಧಿ ಮುಗಿಯುವ ತಿಂಗಳನ್ನು ನೋಡುತ್ತಿರಬೇಕು.

ಮನೆಯವರ ಪಾಲು

ಒಂದು ಚಿಕ್ಕ ಪುಸ್ತಕದಲ್ಲಿ, ಗುಳಿಗೆ ತೆಗೆದುಕೊಂಡ ದಿನ, ವೇಳೆ, ಆಗ ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆದಿಡುವುದು ಒಳ್ಳೆಯದು. ವಾರಕ್ಕೊಂದು ಬೇಕಾಗಿದ್ದ ಗುಳಿಗೆ ದಿನಕ್ಕೊಂದು ಬೇಕಾಗತೊಡಗಿದರೆ, ಎರಡು ಮಹಡಿ ಹತ್ತಿದಾಗ ಬರುತ್ತಿದ್ದ ನೋವು ಅಂಗಳದಲ್ಲಿ ನಡೆದರೂ ಬರತೊಡಗಿದರೆ ಆ ದಿನವೇ ವೈದ್ಯರನ್ನು ಕಾಣಬೇಕು. ಸುಮ್ಮನೆ ಕುಳಿತಿರುವಾಗಲೇ ನೋವು ಬಂದು ನಿಂತರೆ ೧೦೮ನ್ನೇ ಕರೆಯಬೇಕು. ಅದು ಆಘಾತದ ಮುನ್ಸೂಚನೆಯಾಗಿರಬಹುದು. ಅದೃಷ್ಟವಶಾತ್ ಈಗ ಅದಕ್ಕೆ ಬೇರೆ ಔಷಧಿಗಳೂ, ಕಿರಿದಾದ ಧಮನಿಯನ್ನು ಅಗಲಿಸುವ ವಿಧಾನಗಳೂ ಇವೆ. ಗುಳಿಗೆಯಿಂದಲೇ ದಿನ ದೂಡುವವರಿಗೆ ಅವುಗಳ ಪ್ರಯೋಜನ ದೊರೆಯುವುದಿಲ್ಲ.

ರೋಗಿಗೆ ನೋವು ಬಂದಾಗ ಯೋಚಿಸುವ ಶಕ್ತಿ ಕುಂದಿರುತ್ತದೆ. ಆಗ ಯೋಚಿಸಬೇಕಾದವರು ಮನೆಯವರು. ಗುಳಿಗೆ ಎಲ್ಲಿದೆ, ಅದನ್ನು ಹೇಗೆ ಕೊಡಬೇಕು, ಹತ್ತಿರದ ಆಸ್ಪತ್ರೆ ಯಾವುದು, ತೆಗೆದುಕೊಳ್ಳುತ್ತಿರುವ ಇತರ ಔಷಧಿಗಳು ಯಾವುವು, ಇವನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ಬೀರುವಿನ ಬಾಗಿಲಿಗೆ ಅಂಟಿಸಿರಿ. ಅದರ ಕೆಳಗೆ ಇನ್ನೊಂದು ಸಾಲನ್ನೂ ಸೇರಿಸಿರಿ: “ಐದು ನಿಮಿಷಕ್ಕೆ ಇಳಿಯದಿದ್ದರೆ, ಅವರು ಬೇಡವೆಂದರೂ ೧೦೮ನ್ನು ಕರೆಯುವುದು.”